ಬ್ಲ್ಯಾಕ್ ಬೆಲ್ಟ್‌ಗೆ ಅಮೆರಿಕದಲ್ಲಿ ಸ್ಕಾಲರ್‌ಶಿಪ್ ಸಿಗುತ್ತಾ? ಭದ್ರಾವತಿಯಿಂದ ಒಂದು ಲೆಕ್ಕ

ಶಿವಮೊಗ್ಗ, ಭದ್ರಾವತಿ ಕಡೆಯ ಪರಿಚಯದ ಅಪ್ಪ-ಅಮ್ಮಂದಿರು ಈಚಿನ ವರ್ಷಗಳಲ್ಲಿ ನನ್ನನ್ನು ಪದೇಪದೇ ಕೇಳುವ ಪ್ರಶ್ನೆ ಇದು: "ಮಗಳು ಕರಾಟೆಯಲ್ಲಿ ಬ್ರೌನ್ ಬೆಲ್ಟ್ ಆಗಿದ್ದಾಳೆ, ಬರೋ ವರ್ಷ ಬ್ಲ್ಯಾಕ್. ಅದರ ಮೇಲೆ ಅಮೆರಿಕದ ಕಾಲೇಜಲ್ಲಿ ಸ್ಕಾಲರ್‌ಶಿಪ್ ಕೊಡ್ತಾರಂತಲ್ಲ, ಹೌದಾ?"

ಯಾರು ಹೇಳಿದ್ರು ಅಂತ ಕೇಳಿದ್ರೆ ಉತ್ತರ ಸ್ಪಷ್ಟ ಇರಲ್ಲ. ಕ್ಲಾಸಿನವರು ಹೇಳಿದ್ರು, ಕನ್ಸಲ್ಟೆನ್ಸಿಯವರು ಹೇಳಿದ್ರು, ಯಾವುದೋ ರೀಲ್ಸ್‌ನಲ್ಲಿ ಬಂತು. ನಾನು ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಯಂತ್ರ ಕೊಳ್ಳೋ ಮುಂಚೆ ಅದರ ಜೊತೆ ಬರೋ ಪುಸ್ತಕ ಓದೋ ಚಾಳಿ ಇನ್ನೂ ಬಿಟ್ಟಿಲ್ಲ. ಹಾಗಾಗಿ ಈ ಸ್ಕಾಲರ್‌ಶಿಪ್ ಅನ್ನೋ ಯಂತ್ರದ ನಿಯಮಗಳನ್ನೂ ಕೂತು ಓದಿದೆ. ಚಿಕ್ಕ ಉತ್ತರ ಮೊದಲೇ ಹೇಳಿಬಿಡ್ತೀನಿ. ಕರಾಟೆಗೆ ಸಿಗಲ್ಲ. ಕುಸ್ತಿಗೆ ಸಿಗಬಹುದು. ಸಿಕ್ಕಿದ್ರೂ ಹೆಚ್ಚಿನವರಿಗೆ ಅದು ಪೂರ್ತಿ ಖರ್ಚಿಗೆ ಸಾಲಲ್ಲ. ಇನ್ನು ನಮ್ಮ ಸರ್ಕಾರಗಳು ವಿದೇಶ ವ್ಯಾಸಂಗಕ್ಕೆ ಇಟ್ಟಿರೋ ದುಡ್ಡು, ಆಟದ ಬಾಗಿಲು ತೆರೆದಿರೋ ವಯಸ್ಸಿನಲ್ಲಿ ಬಹುಪಾಲು ಕೈಗೆ ಎಟಕಲ್ಲ.

ಉದ್ದದ ಉತ್ತರ ಕೆಳಗಿದೆ. ಈ ಪ್ರಶ್ನೆ ಭದ್ರಾವತಿಯಿಂದ ಯಾಕೆ ಏಳುತ್ತೆ ಅನ್ನೋದನ್ನೂ ಮರೆಯೋದು ಬೇಡ. 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ, 1936ರಲ್ಲಿ ಕಾಗದ ಕಾರ್ಖಾನೆ. ಇವೆರಡರ ಸುತ್ತ ಕಟ್ಟಿದ ಊರು ಇದು. ಕಾಲೊನಿ, ಆಸ್ಪತ್ರೆ, ಶಾಲೆ, ಮೈದಾನ ಎಲ್ಲ ಕಾರ್ಖಾನೆಯಿಂದಲೇ ಬಂದವು. ಸಾರ್ವಜನಿಕ ಉದ್ಯಮಗಳು ಚೆನ್ನಾಗಿ ಆಡುವವರನ್ನು ಕೆಲಸಕ್ಕೆ ತಗೊಳ್ಳೋ ಪದ್ಧತಿ ದೇಶದ ತುಂಬ ಇದ್ದ ಕಾಲದಲ್ಲಿ ಆಟ ಅಂದ್ರೆ ನೌಕರಿಯ ಒಂದು ದಾರಿಯೂ ಆಗಿತ್ತು. ಎಂಪಿಎಂನಲ್ಲಿ ಉತ್ಪಾದನೆ 2015ರಲ್ಲಿ ನಿಂತಿತು. ವಿಐಎಸ್‌ಎಲ್ ಮುಚ್ಚುವ ತೀರ್ಮಾನವನ್ನು ಉಕ್ಕು ಪ್ರಾಧಿಕಾರ 2023ರ ಜನವರಿಯಲ್ಲಿ ಹೇಳಿತು. ಕಾರ್ಮಿಕರು ಬೀದಿಗಿಳಿದ ಮೇಲೆ ಕೆಲಸ ಅಷ್ಟಿಷ್ಟು ಮತ್ತೆ ಶುರುವಾಯಿತು. ಕಣ್ಣೆದುರಿನ ಗೇಟು ಮುಚ್ಚುತ್ತಾ ಬಂದ ಊರಲ್ಲಿ ಜನ ದೂರದ ಗೇಟುಗಳ ಬಗ್ಗೆ ವಿಚಾರಿಸೋದು ಸಹಜ. ಅದನ್ನು ದುರಾಸೆ ಅನ್ನೋಕೆ ಆಗಲ್ಲ. ಆದರೆ ಆ ಆಸೆಯನ್ನೇ ಸರಕು ಮಾಡಿಕೊಂಡು ಮಾರುವವರಿದ್ದಾರೆ. ಅದಕ್ಕೇ ಈ ಬರಹ.

ಪಟ್ಟಿಯಲ್ಲಿ ಏನಿದೆ, ಏನಿಲ್ಲ

ಕ್ರೀಡೆಗೆ ಅಂತ ಕಾಲೇಜುಗಳೇ ದೊಡ್ಡ ಪ್ರಮಾಣದಲ್ಲಿ ಸ್ಕಾಲರ್‌ಶಿಪ್ ಕೊಡುವ ದೇಶ ಅಮೆರಿಕ. ಅಲ್ಲಿನ ಸಾವಿರಕ್ಕೂ ಹೆಚ್ಚು ಕಾಲೇಜುಗಳ ಕ್ರೀಡೆಯನ್ನು ನಡೆಸುವ ಸಂಸ್ಥೆ ಎನ್‌ಸಿಎಎ. ಅದರಲ್ಲಿ ಮೂರು ಡಿವಿಷನ್. ಮೊದಲೆರಡರಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇದೆ, ಮೂರನೆಯದರಲ್ಲಿ ಇಲ್ಲ. ಯಾವ ಆಟಕ್ಕೆ ಕೊಡ್ತಾರೆ ಅನ್ನೋದು ಆ ಸಂಸ್ಥೆಯ ಪಟ್ಟಿಯನ್ನು ನೋಡಿದ್ರೆ ಗೊತ್ತಾಗುತ್ತೆ.

ಆ ಪಟ್ಟಿಯಲ್ಲಿ ಕರಾಟೆ ಇಲ್ಲ. ಟೇಕ್ವಾಂಡೊ ಇಲ್ಲ. ಜೂಡೊ ಇಲ್ಲ. ಒಂದು ಕಾಲಕ್ಕೆ ಬಾಕ್ಸಿಂಗ್ ಇತ್ತು. 1960ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಚಾರ್ಲಿ ಮೋರ್ ಅನ್ನೋ ಬಾಕ್ಸರ್, ಎನ್‌ಸಿಎಎ ಚಾಂಪಿಯನ್‌ಷಿಪ್‌ನ ಪಂದ್ಯ ಆಡಿದ ಮೇಲೆ ತಲೆಗೆ ಬಿದ್ದ ಪೆಟ್ಟಿನಿಂದ ತೀರಿಕೊಂಡ. ಅದಾದ ಮೇಲೆ ಬಾಕ್ಸಿಂಗ್ ಅನ್ನೇ ಕೈಬಿಟ್ಟರು. ಈಗ ಉಳಿದಿರೋ ಕಾದಾಟದ ಆಟಗಳು ಎರಡೇ: ಕುಸ್ತಿ ಮತ್ತು ಕತ್ತಿವರಸೆ, ಅಂದರೆ ಫೆನ್ಸಿಂಗ್.

ಹಾಗಂತ ಅಮೆರಿಕದ ಕಾಲೇಜುಗಳಲ್ಲಿ ಜೂಡೊ, ಟೇಕ್ವಾಂಡೊ ಆಡೋದೇ ಇಲ್ಲ ಅಂತಲ್ಲ. ಕ್ಲಬ್ ಮಟ್ಟದಲ್ಲಿ ಜೋರಾಗಿಯೇ ಇದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜಪಾನಿ ವಲಸಿಗರ ಮಗ ಯೋಶ್ ಉಚಿಡಾ ಕಟ್ಟಿದ ಜೂಡೊ ಪರಂಪರೆ ಎಷ್ಟು ದೊಡ್ಡದು ಅಂದ್ರೆ, 1964ರ ಟೋಕಿಯೊ ಒಲಿಂಪಿಕ್ಸ್‌ಗೆ ಹೋದ ಅಮೆರಿಕದ ಮೊದಲ ಜೂಡೊ ತಂಡಕ್ಕೆ ಅವರೇ ಕೋಚ್. ಆದ್ರೂ ಜೂಡೊ ಎನ್‌ಸಿಎಎ ಆಟ ಆಗಲಿಲ್ಲ. ಕ್ಲಬ್ ಆಟ ಅಂದ್ರೆ ಹೆಚ್ಚಿನ ಕಡೆ ನೀವು ನಿಮ್ಮ ಫೀಸು ಕಟ್ಟಿ ಓದಿ, ಸಂಜೆ ಹೋಗಿ ಆಡೋದು, ಅಷ್ಟೇ.

ಕರಾಟೆಗೆ ಇನ್ನೂ ಒಂದು ತೊಂದರೆ ಇದೆ. ಅದು ಒಲಿಂಪಿಕ್ಸ್‌ನಲ್ಲಿ ಇದ್ದದ್ದು ಒಂದೇ ಸಲ, ಟೋಕಿಯೊ 2020ರಲ್ಲಿ. ಪ್ಯಾರಿಸ್‌ನಲ್ಲಿ ಇರಲಿಲ್ಲ, 2028ರ ಲಾಸ್ ಏಂಜಲಿಸ್‌ನಲ್ಲೂ ಇಲ್ಲ. ಕಾಲೇಜಿನ ದುಡ್ಡು, ಸರ್ಕಾರದ ದುಡ್ಡು ಎರಡೂ ಬಹಳ ಮಟ್ಟಿಗೆ ಒಲಿಂಪಿಕ್ಸ್ ಬೆನ್ನು ಹಿಡಿದೇ ಹೋಗುತ್ತವೆ.

ಗರಡಿಯ ಆಟ, ಕ್ಲಾಸಿನ ಆಟ

ಈಗ ಈ ಪಟ್ಟಿಯನ್ನು ನಮ್ಮೂರಿನ ಮೇಲೆ ಇಟ್ಟು ನೋಡಿ. ತಿಂಗಳಿಗೆ ಫೀಸು, ಬಿಳಿ ಯೂನಿಫಾರ್ಮು, ಮೂರ್ನಾಲ್ಕು ತಿಂಗಳಿಗೊಮ್ಮೆ ಬೆಲ್ಟ್ ಪರೀಕ್ಷೆಯ ಫೀಸು, ಯಾವುದೋ ಕಲ್ಯಾಣ ಮಂಟಪದಲ್ಲಿ ನಡೆಯೋ "ಅಂತಾರಾಷ್ಟ್ರೀಯ ಓಪನ್ ಚಾಂಪಿಯನ್‌ಷಿಪ್"ನ ಎಂಟ್ರಿ ಫೀಸು. ಇದನ್ನೆಲ್ಲ ಕಟ್ಟಬಲ್ಲ ಮನೆಯ ಮಕ್ಕಳು ಹೋಗೋದು ಕರಾಟೆ ಕ್ಲಾಸಿಗೆ. ವಿದೇಶದ ಕನಸು ಕಾಣುವವರೂ ಹೆಚ್ಚಾಗಿ ಇವರೇ.

ಗರಡಿ ಮನೆಯ ಕೆಮ್ಮಣ್ಣಿನಲ್ಲಿ ಬೆಳಿಗ್ಗೆ ಐದಕ್ಕೆ ಸಾಮು ಮಾಡುವ ಹುಡುಗರ ಮನೆ ಬೇರೆ. ಹಮಾಲಿ ಕೆಲಸ, ಗಾರೆ ಕೆಲಸ, ಕುರಿ, ತೋಟದ ಕೂಲಿ. ಆ ಹುಡುಗನಿಗೆ ಅಮೆರಿಕದ ಕಾಲೇಜಿನ ಬಗ್ಗೆ ಯಾರೂ ಹೇಳಿರಲ್ಲ. ಎನ್‌ಸಿಎಎ ಪಟ್ಟಿಯಲ್ಲಿ ಇರೋದು ಮಾತ್ರ ಅವನ ಆಟ. ಕನಸು ಒಂದು ಬೀದಿಯಲ್ಲಿದೆ, ಅವಕಾಶ ಇನ್ನೊಂದು ಬೀದಿಯಲ್ಲಿದೆ. ಈ ವಿಷಯದಲ್ಲಿ ನನಗೆ ಮುಖ್ಯ ಅನಿಸಿದ್ದು ಇದೇ.

ಇದು ಬರೀ ಊಹೆ ಅಲ್ಲ. ಅಖಾಡದ ಕುಸ್ತಿ ಅಮೆರಿಕದ ಕಾಲೇಜಿಗೆ ಹೋಗಬಲ್ಲದು ಅನ್ನೋದಕ್ಕೆ ಕೆನಡಾದ ಪಂಜಾಬಿಗಳು ಸಾಕ್ಷಿ. ಪಂಜಾಬಿನಿಂದ ಹೋದ ಬಲ್ಬೀರ್ ಧೇಸಿ ಸರ‍್ರೆಯಲ್ಲಿ ಖಾಲ್ಸಾ ರೆಸ್ಲಿಂಗ್ ಕ್ಲಬ್ ಕಟ್ಟಿದರು. ಅವರ ಮಗ ಅಮರ್ ಧೇಸಿ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಕುಸ್ತಿ ಆಡಿ, ಆಮೇಲೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕೆನಡಾ ಪರ ಇಳಿದರು. ಅರ್ಜನ್ ಭುಲ್ಲರ್ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಿಂದ ಬಂದು 2012ರ ಲಂಡನ್ ಒಲಿಂಪಿಕ್ಸ್ ಆಡಿದರು. ಹಿರಿಯರಿಂದ ಬಂದ ಪಟ್ಟುಗಳು ಅಖಾಡದವು, ಅಂಕಪಟ್ಟಿ ಅಲ್ಲಿನ ಹೈಸ್ಕೂಲಿನದು. ಎರಡೂ ಒಟ್ಟಿಗೆ ಇದ್ದದ್ದರಿಂದ ದಾರಿ ಆಯಿತು.

ಇಲ್ಲಿ ಒಂದು ತಾಂತ್ರಿಕ ವಿಷಯ ಇದೆ, ಹುಡುಗಿಯರಿಗೆ ಇದು ತುಂಬಾ ಮುಖ್ಯ. ಅಮೆರಿಕದ ಕಾಲೇಜು ಹುಡುಗರು ಆಡೋದು ಅವರದೇ ಆದ "ಫೋಕ್‌ಸ್ಟೈಲ್" ಕುಸ್ತಿ. ಎದುರಾಳಿಯನ್ನು ಕೆಳಗೆ ಹಿಡಿದಿಟ್ಟುಕೊಂಡ ಹೊತ್ತಿಗೂ ಅಲ್ಲಿ ಪಾಯಿಂಟ್ ಇದೆ. ನಮ್ಮ ಕ್ರೀಡಾ ವಸತಿ ನಿಲಯಗಳಲ್ಲಿ ಕಲಿಸೋದು ಫ್ರೀಸ್ಟೈಲ್ ಮತ್ತು ಗ್ರೀಕೋ-ರೋಮನ್. ಅಲ್ಲಿಗೆ ಹೋದ ಹುಡುಗ ನಿಯಮವನ್ನೇ ಹೊಸದಾಗಿ ಕಲೀಬೇಕು. ಆದರೆ ಕಾಲೇಜು ಹುಡುಗಿಯರ ಕುಸ್ತಿ ನಡೆಯೋದು ಫ್ರೀಸ್ಟೈಲ್‌ನಲ್ಲೇ. 2025ರ ಜನವರಿಯಲ್ಲಿ ಎನ್‌ಸಿಎಎ ಮಹಿಳಾ ಕುಸ್ತಿಯನ್ನು ತನ್ನ ಅಧಿಕೃತ ಚಾಂಪಿಯನ್‌ಷಿಪ್ ಆಟವಾಗಿ ಒಪ್ಪಿಕೊಂಡಿತು, ಮೊದಲ ಚಾಂಪಿಯನ್‌ಷಿಪ್‌ಗೆ ಇಟ್ಟುಕೊಂಡ ವರ್ಷ 2026. ತಂಡಗಳು ಹೊಸದಾಗಿ ಕಟ್ಟಿಕೊಳ್ತಾ ಇವೆ, ಆಡುವವರು ಬೇಕಾಗಿದ್ದಾರೆ.

ಅಂದ್ರೆ ದಾವಣಗೆರೆ, ಗದಗ, ಹಳಿಯಾಳ, ಬೆಳಗಾವಿ ಕಡೆ ಮ್ಯಾಟ್ ಮೇಲೆ ಫ್ರೀಸ್ಟೈಲ್ ಆಡ್ತಿರೋ ಹದಿನಾರು ವರ್ಷದ ಹುಡುಗಿಗೆ, ಇಡೀ ಕರ್ನಾಟಕದ ಯಾವ ಬ್ಲ್ಯಾಕ್ ಬೆಲ್ಟ್‌ಗಿಂತಲೂ ಆ ಬಾಗಿಲು ಹತ್ತಿರ ಇದೆ. ಅವಳಿಗೆ ಅದು ಗೊತ್ತಿದೆಯಾ?

ಮೂರನೇ ಒಂದು ಭಾಗ

ಈಗ ದುಡ್ಡು. ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೊರಗಿನವರಿಗೆ 2024-25ರಲ್ಲಿ ಸರಾಸರಿ ಬೋಧನಾ ಶುಲ್ಕ ವರ್ಷಕ್ಕೆ 30 ಸಾವಿರ ಡಾಲರ್‌ಗಿಂತ ಸ್ವಲ್ಪ ಹೆಚ್ಚು. ಊಟ, ವಸತಿ ಸೇರಿದ್ರೆ 44 ಸಾವಿರದ ಆಸುಪಾಸು. ಡಾಲರಿಗೆ 85 ರೂಪಾಯಿ ಅಂತ ಹಿಡಿದ್ರೂ ವರ್ಷಕ್ಕೆ 37 ಲಕ್ಷ ದಾಟುತ್ತೆ.

ಡಿವಿಷನ್ ಒಂದರ ಪುರುಷರ ಕುಸ್ತಿಯಲ್ಲಿ ಬಹುಕಾಲ ಇದ್ದ ಮಿತಿ ಅಂದ್ರೆ ಒಂದು ಕಾಲೇಜಿಗೆ 9.9 ಸ್ಕಾಲರ್‌ಶಿಪ್. ದಶಮಾಂಶ ಯಾಕೆ? ಯಾಕಂದ್ರೆ ಅದನ್ನು ಕೋಚ್ ತುಂಡು ಮಾಡಿ ಹಂಚಬಹುದು. ತಂಡದಲ್ಲಿ ಮೂವತ್ತು ಜನ ಇದ್ರೆ ಸರಾಸರಿ ಒಬ್ಬನಿಗೆ ಮೂರನೇ ಒಂದು ಭಾಗ. ಸ್ಟಾರ್ ಆಟಗಾರನಿಗೆ ಪೂರ್ತಿ ಕೊಟ್ರೆ ಉಳಿದವರಿಗೆ ಇನ್ನೂ ಕಡಿಮೆ, ಕೆಲವರಿಗೆ ಸೊನ್ನೆ. 37 ಲಕ್ಷದಲ್ಲಿ ಮೂರನೇ ಒಂದು ಭಾಗ ಕಳೆದ್ರೆ ಮನೆಯವರು ಹೊಂದಿಸಬೇಕಾದ್ದು ವರ್ಷಕ್ಕೆ 25 ಲಕ್ಷ, ನಾಲ್ಕು ವರ್ಷಕ್ಕೆ ಒಂದು ಕೋಟಿ. "ಸ್ಕಾಲರ್‌ಶಿಪ್ ಸಿಕ್ಕಿದೆ" ಅನ್ನೋ ವಾಕ್ಯದ ಅರ್ಥ ಹಲವು ಸಲ ಇಷ್ಟೇ.

2025ರ ಜೂನ್‌ನಲ್ಲಿ ಅಮೆರಿಕದ ಕೋರ್ಟ್ ಒಪ್ಪಿದ "ಹೌಸ್" ರಾಜಿ ಒಪ್ಪಂದದ ನಂತರ ಈ ಮಿತಿ ಬದಲಾಗಿದೆ. ಒಪ್ಪಂದಕ್ಕೆ ಸೇರಿದ ಕಾಲೇಜುಗಳಿಗೆ ಸ್ಕಾಲರ್‌ಶಿಪ್ ಸಂಖ್ಯೆಯ ಮಿತಿ ಇಲ್ಲ, ಬದಲಿಗೆ ತಂಡದ ಗಾತ್ರಕ್ಕೆ ಮಿತಿ, ಕುಸ್ತಿಗೆ 30. ಕಾಗದದ ಮೇಲೆ ಮೂವತ್ತೂ ಜನರಿಗೆ ಪೂರ್ತಿ ಕೊಡಬಹುದು. ಆದ್ರೆ ಅದೇ ಒಪ್ಪಂದ ಆಟಗಾರರಿಗೆ ನೇರವಾಗಿ ದುಡ್ಡು ಕೊಡೋದಕ್ಕೂ ದಾರಿ ಮಾಡಿದೆ, ಆ ದುಡ್ಡು ಹೆಚ್ಚಾಗಿ ಹರಿಯೋದು ಅಮೆರಿಕನ್ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಕಡೆಗೆ. ಜೊತೆಗೆ ನಮ್ಮ ಮಕ್ಕಳು ಹೋಗೋದು ಎಫ್-1 ವೀಸಾದಲ್ಲಿ. ಅದರಲ್ಲಿ ಕೆಲಸ ಮಾಡಿ ಸಂಪಾದಿಸೋದಕ್ಕೆ ಕಟ್ಟುನಿಟ್ಟಿನ ಮಿತಿ ಇದೆ. ಜಾಹೀರಾತಿನ ದುಡ್ಡು ಮಾಡಿಕೊಳ್ಳಬಹುದು ಅಂತ ಯಾರಾದ್ರೂ ಹೇಳಿದ್ರೆ, ಅದು ಅಮೆರಿಕದ ಹುಡುಗರ ಮಾತು ಅಂತ ತಿಳ್ಕೊಳ್ಳಿ.

ಅಮೆರಿಕದ ಹೈಸ್ಕೂಲ್ ಆಟಗಾರರಲ್ಲೇ ಕಾಲೇಜಿನ ಕ್ರೀಡಾ ಸ್ಕಾಲರ್‌ಶಿಪ್ ಸಿಗೋದು ನೂರಕ್ಕೆ ಇಬ್ಬರಿಗೆ. ಇದು ಎನ್‌ಸಿಎಎ ತಾನೇ ಹೇಳುವ ಲೆಕ್ಕ.

ಹಾಗಾದ್ರೆ ಬಡ ಮನೆಯ ಮಗುವಿಗೆ ದಾರಿಯೇ ಇಲ್ವಾ? ಒಂದಿದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡಲ್ಲ. ಹಾರ್ವರ್ಡ್, ಪ್ರಿನ್ಸ್‌ಟನ್ ಸೇರಿದ ಐವಿ ಲೀಗ್‌ನ ಎಂಟು ವಿಶ್ವವಿದ್ಯಾಲಯಗಳು ಆಟಕ್ಕೆ ಒಂದು ಡಾಲರೂ ಕೊಡಲ್ಲ. ಆದರೆ ಹಾರ್ವರ್ಡ್, ಪ್ರಿನ್ಸ್‌ಟನ್‌ನಂಥ ಕೆಲವು ಕಡೆ ವಿದೇಶಿ ವಿದ್ಯಾರ್ಥಿಯ ಅರ್ಜಿ ನೋಡುವಾಗ ಮನೆಯ ಬಡತನವನ್ನು ಅವನ ವಿರುದ್ಧ ಎಣಿಸಲ್ಲ. ಸೀಟು ಸಿಕ್ಕರೆ ಕುಟುಂಬದ ಆದಾಯ ನೋಡಿ ಬೇಕಾದಷ್ಟು ನೆರವು ಕೊಡ್ತಾರೆ. ಎರಡೂ ಕಡೆ ಕುಸ್ತಿ ಇದೆ, ಕತ್ತಿವರಸೆ ಇದೆ. ಕೋಚ್‌ಗೆ ನೀವು ಬೇಕು ಅನಿಸಿದ್ರೆ ಪ್ರವೇಶದಲ್ಲಿ ಅವರ ಮಾತಿಗೆ ತೂಕ ಇರುತ್ತೆ. ಇಲ್ಲಿ ಆಟ ಸೀಟಿಗೆ ನೆರವಾಗುತ್ತೆ, ಬಡತನ ದುಡ್ಡಿಗೆ ನೆರವಾಗುತ್ತೆ. ಪಟ್ಟಿಯಲ್ಲಿ ಇಲ್ಲದ ಕರಾಟೆ, ಜೂಡೊಗೂ ಅರ್ಜಿಯಲ್ಲಿ ಒಂದಿಷ್ಟು ಬೆಲೆ ಇದೆ, ಹತ್ತು ವರ್ಷ ಒಂದನ್ನು ಬಿಡದೆ ಮಾಡಿದ್ದಕ್ಕೆ ಗುರುತಾಗಿ. ಆದರೆ ಓದಿನಲ್ಲಿ ನೀವು ತುದಿಯಲ್ಲಿರಬೇಕು. ಅದಕ್ಕೆ ರಿಯಾಯಿತಿ ಇಲ್ಲ.

ಗಣಿತ, ಇನಾಮು ಮತ್ತು ಒಂದು ವರ್ಷ

ಆಟ ಚೆನ್ನಾಗಿದ್ದೂ ನಮ್ಮ ಮಕ್ಕಳು ಎಡವಬಹುದಾದ ಮೂರು ಜಾಗಗಳಿವೆ. ಮೂರೂ ಮ್ಯಾಟ್‌ನ ಹೊರಗಿನವು.

ಮೊದಲನೆಯದು ಗಣಿತ. ಡಿವಿಷನ್ ಒಂದರಲ್ಲಿ ಆಡೋಕೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಓದಿನಲ್ಲಿ 16 ಮುಖ್ಯ ವಿಷಯ-ವರ್ಷಗಳು ಇರಬೇಕು. ಸಾಮಾನ್ಯ ನಿಯಮದಲ್ಲಿ ನಾಲ್ಕು ವರ್ಷದ ಇಂಗ್ಲಿಷ್, ಮೂರು ವರ್ಷದ ಗಣಿತ, ಎರಡು ವರ್ಷದ ವಿಜ್ಞಾನ ಹೀಗೆ. ಅಂಕಗಳ ಸರಾಸರಿ ಅವರ ಲೆಕ್ಕದಲ್ಲಿ 4ಕ್ಕೆ 2.3 ಮುಟ್ಟಬೇಕು. ಆಟದ ಮಕ್ಕಳಿಗೆ ನಾವು ಏನು ಹೇಳ್ತೀವಿ? "ಆರ್ಟ್ಸ್ ತಗೋ, ಈಸಿ, ಪ್ರಾಕ್ಟೀಸ್‌ಗೆ ಟೈಮ್ ಸಿಗುತ್ತೆ." ಆರ್ಟ್ಸ್ ತಗೊಂಡ್ರೆ ಗಣಿತ ಹತ್ತನೇ ಕ್ಲಾಸಿಗೆ ಮುಗಿಯಿತು. ಒಂಬತ್ತು, ಹತ್ತು ಸೇರಿ ಎರಡೇ ವರ್ಷ. ಮೂರನೇ ವರ್ಷ ಎಲ್ಲಿಂದ ತರೋದು? ಹದಿನಾರರ ವಯಸ್ಸಲ್ಲಿ ಒಳ್ಳೆ ಮನಸ್ಸಿನಿಂದ ಕೊಟ್ಟ ಸಲಹೆ, ಹದಿನೆಂಟಕ್ಕೆ ಬಾಗಿಲಿಗೆ ಅಡ್ಡ ನಿಲ್ಲಬಹುದು.

ಎರಡನೆಯದು ಇನಾಮು. ನಮ್ಮ ಜಾತ್ರೆ ಕುಸ್ತಿ, ದಸರಾ ಕುಸ್ತಿಗಳಲ್ಲಿ ಗೆದ್ದವನಿಗೆ ಬೆಳ್ಳಿ ಗದೆ, ಬಳೆ, ನಗದು ಕೊಡೋದು ಗೌರವ. ಆ ದುಡ್ಡಿನಲ್ಲೇ ಹಾಲು, ಬಾದಾಮಿ, ಬಸ್ ಚಾರ್ಜು. ಎನ್‌ಸಿಎಎಯ ಹವ್ಯಾಸಿ ನಿಯಮದಲ್ಲಿ, ಸ್ಪರ್ಧೆಗೆ ಆದ ಖರ್ಚಿಗಿಂತ ಹೆಚ್ಚಿಗೆ ತಗೊಂಡ ಬಹುಮಾನದ ಹಣ ಪ್ರಶ್ನೆಗೆ ಒಳಗಾಗುತ್ತಾ ಬಂದಿದೆ. ಈ ನಿಯಮಗಳು ಅಮೆರಿಕದಲ್ಲೇ ಕೋರ್ಟ್ ಮೆಟ್ಟಿಲೇರಿ ಸಡಿಲ ಆಗ್ತಾ ಇವೆ. ಆದ್ರೂ ಎಷ್ಟು ಬಂತು, ಎಷ್ಟು ಖರ್ಚಾಯಿತು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳೋದು ಒಳ್ಳೇದು. ಬೇಡ ಅನ್ನಿ ಅಂತ ಹೇಳೋ ಧೈರ್ಯ ನನಗಿಲ್ಲ. ಆ ಐನೂರು, ಸಾವಿರ ಯಾವ ಮನೆಗೆ ಹೋಗುತ್ತೆ ಅಂತ ಗೊತ್ತಿದೆ.

ಮೂರನೆಯದು ಸಮಯ. ಪಿಯುಸಿ ಮುಗಿದು ಒಂದು ವರ್ಷದೊಳಗೆ ಸೇರಿಕೊಳ್ಳದೆ ಇಲ್ಲಿ ಸ್ಪರ್ಧೆ ಆಡ್ತಾ ಕೂತರೆ, ಅಲ್ಲಿ ಆಡಬಹುದಾದ ವರ್ಷಗಳು ಕಡಿಮೆ ಆಗಬಹುದು. "ಇನ್ನೊಂದು ನ್ಯಾಷನಲ್ಸ್ ಆಡಿ ನೋಡೋಣ" ಅನ್ನೋದು ಇಲ್ಲಿ ಮಾಮೂಲಿ ಮಾತು, ಅಲ್ಲಿ ದುಬಾರಿ.

ಇದರ ಜೊತೆ ಒಂದು ಎಚ್ಚರಿಕೆ. "ಸ್ಕಾಲರ್‌ಶಿಪ್ ಕೊಡಿಸ್ತೀವಿ, ಬಂದ ಮೊತ್ತದಲ್ಲಿ ಇಷ್ಟು ಪರ್ಸೆಂಟ್ ಕೊಡಿ" ಅನ್ನೋ ಏಜೆಂಟ್ ಸಿಕ್ಕಿದ್ರೆ ಅಲ್ಲಿಂದ ಎದ್ದು ಬನ್ನಿ. ಸ್ಕಾಲರ್‌ಶಿಪ್ ಮೊತ್ತಕ್ಕೆ ಕಮಿಷನ್ ಗಂಟು ಹಾಕೋದು ಎನ್‌ಸಿಎಎ ನಿಯಮಕ್ಕೇ ವಿರುದ್ಧ. ದುಡ್ಡು ಹೋಗೋದರ ಜೊತೆಗೆ ಮಗುವಿನ ಅರ್ಹತೆಯೂ ಹೋಗಬಹುದು.

ಕೋಚ್ ಕಣ್ಣಿಗೆ ಬೀಳೋದು ಹೇಗೆ

ಭಾರತದಿಂದ ಹೋಗಿ ಗೆದ್ದವರಲ್ಲಿ ಹೈಜಂಪರ್ ತೇಜಸ್ವಿನ್ ಶಂಕರ್ ಹೆಸರು ದೊಡ್ಡದು. 2016ರಲ್ಲಿ 2.26 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಮಾಡಿದಾಗ ಅವರಿನ್ನೂ ಶಾಲಾ ಹುಡುಗ. ಆಮೇಲೆ ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸ್ಕಾಲರ್‌ಶಿಪ್ ಮೇಲೆ ಹೋಗಿ, 2018 ಮತ್ತು 2022ರಲ್ಲಿ ಎನ್‌ಸಿಎಎ ಚಾಂಪಿಯನ್ ಆದರು. ಡಿಗ್ರಿಯನ್ನೂ ಮುಗಿಸಿದರು.

2.26 ಮೀಟರ್ ಭದ್ರಾವತಿಯಲ್ಲೂ 2.26, ಕ್ಯಾನ್ಸಾಸ್‌ನಲ್ಲೂ 2.26. ಓಟ, ಜಿಗಿತ, ಈಜಿಗೆ ಇರೋ ಅನುಕೂಲ ಅದು. ಕುಸ್ತಿಗೆ ಆ ಥರದ ಅಂಕಿ ಇಲ್ಲ. ನೀವು ಯಾರನ್ನು ಸೋಲಿಸಿದ್ರಿ, ಆ ಟೂರ್ನಿಗೆ ಯಾರ ಮಾನ್ಯತೆ ಇತ್ತು, ವಿಡಿಯೊ ಇದೆಯಾ? ದೂರದ ಕೋಚ್ ನೋಡೋದು ಇಷ್ಟನ್ನೇ. ಅಂದ್ರೆ ಕಾದಾಟದ ಆಟಗಳಲ್ಲಿ ಮಗುವಿನ ಭವಿಷ್ಯ ಅದರ ಫೆಡರೇಷನ್‌ನ ಮರ್ಯಾದೆಗೆ ಕಟ್ಟಿಹಾಕಿಕೊಂಡಿದೆ.

ಆ ಮರ್ಯಾದೆಯ ಕಥೆ ನಿಮಗೆ ಗೊತ್ತೇ ಇದೆ. 2023ರಲ್ಲಿ ಮಹಿಳಾ ಕುಸ್ತಿಪಟುಗಳು ಲೈಂಗಿಕ ಕಿರುಕುಳದ ವಿರುದ್ಧ ಜಂತರ್ ಮಂತರ್‌ನಲ್ಲಿ ಕೂತರು. ಸಮಯಕ್ಕೆ ಚುನಾವಣೆ ನಡೆಸದ ಭಾರತೀಯ ಕುಸ್ತಿ ಫೆಡರೇಷನ್ ಅನ್ನು ಜಾಗತಿಕ ಸಂಸ್ಥೆ ಆ ವರ್ಷದ ಆಗಸ್ಟ್‌ನಲ್ಲಿ ಅಮಾನತು ಮಾಡಿತು. ಅದು ತೆರವಾಗಿದ್ದು 2024ರ ಫೆಬ್ರುವರಿಯಲ್ಲಿ. ಕ್ರೀಡಾ ಸಚಿವಾಲಯ ಬೇರೆಯಾಗಿ 2023ರ ಡಿಸೆಂಬರ್‌ನಲ್ಲಿ ಹಾಕಿದ ಅಮಾನತು ತೆರವಾಗಲು 2025ರ ಮಾರ್ಚ್ ಬರಬೇಕಾಯಿತು. ದೆಹಲಿಯ ಈ ಜಗಳವನ್ನು ನಾವು ರಾಜಕೀಯದ ಸುದ್ದಿಯಾಗಿ ಓದಿದೆವು. ಹದಿನೇಳು ವರ್ಷದ ಹುಡುಗಿಯ ಪಾಲಿಗೆ ಫೆಡರೇಷನ್ ಗೊಂದಲದಲ್ಲಿ ಕಳೆದ ಪ್ರತಿ ಸೀಸನ್ ಅವಳ ದಾಖಲೆಯಲ್ಲಿ ಒಂದು ಖಾಲಿ ಸಾಲು. ಕರಾಟೆಯಲ್ಲಂತೂ 2020ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಆಗಿನ ರಾಷ್ಟ್ರೀಯ ಸಂಸ್ಥೆಯ ಮಾನ್ಯತೆಯನ್ನೇ ಕಿತ್ತುಹಾಕಿತು. ಆಮೇಲೆ ಹೊಸ ಸಂಸ್ಥೆ ಬಂತು. "ನ್ಯಾಷನಲ್ ಚಾಂಪಿಯನ್" ಸರ್ಟಿಫಿಕೇಟ್ ಕೊಡುವವರು ಮಾತ್ರ ಇವತ್ತಿಗೂ ಗಲ್ಲಿಗೊಬ್ಬರು. ಮಾನ್ಯತೆ ಇಲ್ಲದ ಸಂಸ್ಥೆಯ ಚಿನ್ನದ ಪದಕಕ್ಕೆ ಶೋಕೇಸ್‌ನ ಹೊರಗೆ ಬೆಲೆ ಇಲ್ಲ.

ಕೊರಿಯಾ, ಜಪಾನ್, ಯುರೋಪ್

"ಟೇಕ್ವಾಂಡೊ ಹುಟ್ಟಿದ ಕೊರಿಯಾದಲ್ಲಿ?" ಅಂತ ಕೇಳಬಹುದು. ಅಲ್ಲಿ ಯೊಂಗಿನ್, ಕ್ಯುಂಗ್ ಹೀ ವಿಶ್ವವಿದ್ಯಾಲಯಗಳಲ್ಲಿ ಟೇಕ್ವಾಂಡೊ ಒಂದು ಪದವಿ ವಿಷಯವೇ ಆಗಿದೆ. ವಿದೇಶಿಯರಿಗೆ ದೊಡ್ಡ ನೆರವು ಅಂದ್ರೆ ಅಲ್ಲಿನ ಸರ್ಕಾರದ ಗ್ಲೋಬಲ್ ಕೊರಿಯಾ ಸ್ಕಾಲರ್‌ಶಿಪ್. ವಿಮಾನದ ಖರ್ಚು, ಫೀಸು, ತಿಂಗಳ ಭತ್ಯೆ, ಮೊದಲ ಒಂದು ವರ್ಷ ಕೊರಿಯನ್ ಭಾಷೆಯ ಕಲಿಕೆ ಎಲ್ಲವೂ ಅದರಲ್ಲಿದೆ. ಆದರೆ ಅದನ್ನು ಕೊಡೋದು ಅಂಕ ನೋಡಿ, ಪದಕ ನೋಡಿ ಅಲ್ಲ. ಜಪಾನ್ ಸರ್ಕಾರದ ಮೆಕ್ಸ್ಟ್ ಸ್ಕಾಲರ್‌ಶಿಪ್ ಕೂಡ ಹಾಗೇ. ಜರ್ಮನಿಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವೇ ಇಲ್ಲ, ಆದರೆ ಅಲ್ಲಿ ಆಟ ಕಾಲೇಜಿನದಲ್ಲ, ಊರಿನ ಕ್ಲಬ್ಬಿನದು. ಜೂಡೊ ಆಡುವವರು ಅಲ್ಲಿ ಓದಿಗೆ ಸೇರಿ, ಆಟಕ್ಕೆ ಕ್ಲಬ್ ಹುಡುಕಿಕೊಳ್ಳಬೇಕು. ಒಟ್ಟಿನಲ್ಲಿ ಅಮೆರಿಕದ ಆಚೆ ಆಟ ನಿಮ್ಮ ಜೊತೆ ಬರುತ್ತೆ, ನಿಮ್ಮನ್ನು ಕರ್ಕೊಂಡು ಹೋಗಲ್ಲ.

ನಮ್ಮ ಏಣಿಯ ಮೆಟ್ಟಿಲು ಎಲ್ಲಿ ತಪ್ಪಿದೆ

ನಮ್ಮ ಸರ್ಕಾರಗಳು ದುಡ್ಡು ಇಟ್ಟಿಲ್ಲ ಅಂತಲ್ಲ. ಖೇಲೋ ಇಂಡಿಯಾಕ್ಕೆ ಆಯ್ಕೆಯಾದ ಆಟಗಾರನಿಗೆ ವರ್ಷಕ್ಕೆ 6.28 ಲಕ್ಷ ರೂಪಾಯಿ ಲೆಕ್ಕ, ಅದರಲ್ಲಿ 1.20 ಲಕ್ಷ ಕೈಖರ್ಚಿಗೆ. ಕುಸ್ತಿ, ಜೂಡೊ, ಬಾಕ್ಸಿಂಗ್, ಕತ್ತಿವರಸೆ ಅದರಲ್ಲಿವೆ. ಸೇನೆಯ ಬಾಯ್ಸ್ ಸ್ಪೋರ್ಟ್ಸ್ ಕಂಪನಿಗಳು 8ರಿಂದ 14ರ ವಯಸ್ಸಿನ ಹುಡುಗರನ್ನು ಆರಿಸಿ ಓದು, ಊಟ, ತರಬೇತಿ ಎಲ್ಲ ನೋಡಿಕೊಳ್ಳುತ್ತವೆ. ದಾವಣಗೆರೆಯ ಕ್ರೀಡಾ ವಸತಿ ನಿಲಯದಲ್ಲಿ ಕುಸ್ತಿ ಇದೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲೇ ಕುವೆಂಪು ವಿಶ್ವವಿದ್ಯಾಲಯ ಇದೆ, ಅದರ ತಂಡದಿಂದ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ, ಅಲ್ಲಿಂದ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್‌ಗೆ ದಾರಿ ಇದೆ. ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ. ನೂರರಲ್ಲಿ ತೊಂಬತ್ತೊಂಬತ್ತು ಮಕ್ಕಳಿಗೆ ಇವೇ ನಿಜವಾದ ದಾರಿಗಳು. ಇವನ್ನು ಬಿಟ್ಟು ವಿದೇಶದ ಬೆನ್ನು ಹತ್ತೋದು ಜಾಣತನ ಅಲ್ಲ.

ವಿದೇಶ ವ್ಯಾಸಂಗಕ್ಕೂ ದುಡ್ಡಿದೆ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ನಲ್ಲಿ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು, ಕುಶಲಕರ್ಮಿಗಳ ಮಕ್ಕಳಿಗೆ ವರ್ಷಕ್ಕೆ 125 ಜಾಗ. ಕುಟುಂಬದ ಆದಾಯ 8 ಲಕ್ಷದ ಒಳಗಿರಬೇಕು. ರಾಜ್ಯದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ "ಪ್ರಬುದ್ಧ" ಯೋಜನೆ ಇದೆ. ಗರಡಿಗೆ ಬರುವ ಹುಡುಗರಲ್ಲಿ ಎಷ್ಟೋ ಜನ ಇಂಥ ಮನೆಗಳಿಂದಲೇ ಬಂದವರು.

ತೊಡಕು ಎಲ್ಲಿ ಅಂದ್ರೆ, ಆ ಕೇಂದ್ರದ ಯೋಜನೆ ಸ್ನಾತಕೋತ್ತರ ಮತ್ತು ಪಿಎಚ್‌ಡಿಗೆ ಮಾತ್ರ. ಕ್ರೀಡಾ ಸ್ಕಾಲರ್‌ಶಿಪ್ ಇರೋದು ಮುಖ್ಯವಾಗಿ ಪದವಿಗೆ, ಹದಿನೆಂಟರ ವಯಸ್ಸಿಗೆ. ಅಮೆರಿಕದ ಕೋಚ್ "ಮೂರನೇ ಒಂದು ಭಾಗ ನಾನು ಕೊಡ್ತೀನಿ" ಅಂದಾಗ ಉಳಿದ ಎರಡು ಭಾಗ ಕೊಡೋಕೆ ಆ ಯೋಜನೆಗೆ ಆಗಲ್ಲ. ಅದು ಕೊಡೋ ಹೊತ್ತಿಗೆ ಹುಡುಗನ ಆಟದ ವಯಸ್ಸು ಮುಗಿಯುತ್ತಾ ಬಂದಿರುತ್ತೆ. ಎರಡು ಏಣಿ ಇವೆ, ಒಂದರ ಕೊನೆ ಮೆಟ್ಟಿಲಿಗೂ ಇನ್ನೊಂದರ ಮೊದಲ ಮೆಟ್ಟಿಲಿಗೂ ನಡುವೆ ನಾಲ್ಕು ವರ್ಷದ ಅಂತರ. ಇನ್ನೊಂದು ವಿಚಿತ್ರವೂ ಇದೆ. ಭಾರತದ ಸಂಸ್ಕೃತಿ, ಇತಿಹಾಸ, ಸಮಾಜದ ಮೇಲಿನ ಅಧ್ಯಯನಕ್ಕೆ ಈ ಸ್ಕಾಲರ್‌ಶಿಪ್ ಇಲ್ಲ ಅಂತ 2022ರಲ್ಲಿ ನಿಯಮ ತಂದರು. ಕರ್ನಾಟಕದ ಗರಡಿ ಮನೆಗಳ ಇತಿಹಾಸದ ಬಗ್ಗೆ ವಿದೇಶದಲ್ಲಿ ಸಂಶೋಧನೆ ಮಾಡ್ತೀನಿ ಅಂತ ಪೈಲ್ವಾನನ ಮಗಳೊಬ್ಬಳು ಹೊರಟರೆ, ಆ ನಿಯಮದ ಪ್ರಕಾರ ಬಾಗಿಲು ಮುಚ್ಚಿದೆ.

ಆದ್ರೂ ಇಲ್ಲೇ ಒಂದು ವಾಸ್ತವದ ದಾರಿ ಇದೆ. ಪದವಿಯನ್ನು ಇಲ್ಲೇ ಮುಗಿಸಿ, ವಿಶ್ವವಿದ್ಯಾಲಯ ಮಟ್ಟದಲ್ಲಿ ಆಡಿ, ಕ್ರೀಡಾ ವಿಜ್ಞಾನ, ಫಿಸಿಯೊಥೆರಪಿ, ಕೋಚಿಂಗ್‌ನಂಥ ವಿಷಯದಲ್ಲಿ ಸ್ನಾತಕೋತ್ತರಕ್ಕೆ ಹೊರಗೆ ಹೋಗೋದು. ಆಗ ಸರ್ಕಾರದ ದುಡ್ಡು ಕೆಲಸಕ್ಕೆ ಬರುತ್ತೆ. ಆಟದ ಅನುಭವ ಅರ್ಜಿಗೆ ತೂಕ ಕೊಡುತ್ತೆ. ಮೊಣಕಾಲು ಮುರಿದ ಪೈಲ್ವಾನನಿಗೂ ಈ ದಾರಿ ತೆರೆದೇ ಇರುತ್ತೆ. ಹದಿನೆಂಟಕ್ಕೆ ಹೋಗಲೇಬೇಕು ಅನ್ನೋ ಒತ್ತಡ ಇಲ್ಲದವರಿಗೆ ನಾನು ಇದನ್ನೇ ಹೇಳೋದು.

ಕೇಳಬೇಕಾದ್ದು ಏನು

ಮನೆಯವರಿಗೆ ನನ್ನ ಮಾತು ಚಿಕ್ಕದು. ಮಗಳು ಕರಾಟೆ ಕಲಿಯಲಿ. ಧೈರ್ಯಕ್ಕೆ, ದೇಹಕ್ಕೆ, ಖುಷಿಗೆ ಅದು ಸಾಕಷ್ಟು ದೊಡ್ಡ ಕಾರಣ. ಸ್ಕಾಲರ್‌ಶಿಪ್ ಹೆಸರಲ್ಲಿ ಹೆಚ್ಚಿಗೆ ದುಡ್ಡು ಕೇಳಿದ್ರೆ ಮಾತ್ರ ಕೊಡಬೇಡಿ.

ಸರ್ಕಾರವನ್ನು ಕೇಳಬೇಕಾದ್ದು ಸ್ವಲ್ಪ ದೊಡ್ಡದು, ಆದ್ರೆ ಕೋಟಿಗಳ ಮಾತಲ್ಲ. ಕುಸ್ತಿ ಇರುವ ಪ್ರತಿ ಕ್ರೀಡಾ ವಸತಿ ನಿಲಯಕ್ಕೂ ಓದು ಮತ್ತು ದಾಖಲೆ ನೋಡಿಕೊಳ್ಳುವ ಒಬ್ಬರನ್ನು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನೇಮಿಸಲಿ. ಒಂಬತ್ತನೇ ತರಗತಿಯಲ್ಲೇ ಮಗುವಿಗೆ ಗಣಿತ ಬಿಡಬೇಡ ಅಂತ ಹೇಳೋಕೆ, ಪಂದ್ಯದ ವಿಡಿಯೊ ಮತ್ತು ಫಲಿತಾಂಶ ಜೋಡಿಸಿಡೋಕೆ, ಅಂಕಪಟ್ಟಿ ಕಳಿಸೋಕೆ, ಕೋಚ್‌ಗೆ ಇಂಗ್ಲಿಷ್‌ನಲ್ಲಿ ಒಂದು ಮೇಲ್ ಬರೆಯೋಕೆ. ಜೊತೆಗೆ, ವಿದೇಶಿ ಕಾಲೇಜು ಭಾಗಶಃ ಕ್ರೀಡಾ ಸ್ಕಾಲರ್‌ಶಿಪ್ ಕೊಟ್ಟ ಬಡ ಮಗುವಿಗೆ ಉಳಿದ ಮೊತ್ತ ತುಂಬಿಕೊಡುವ ಒಂದು ಸಣ್ಣ ನಿಧಿ. ವರ್ಷಕ್ಕೆ ಐದು ಮಕ್ಕಳಿಗೆ ಅಂತಲೇ ಶುರುವಾಗಲಿ. ಒಂದು ಮಗುವಿಗೆ ವರ್ಷಕ್ಕೆ 25 ಲಕ್ಷದ ಲೆಕ್ಕದಲ್ಲಿ, ಐವರಿಗೆ ಮೊದಲ ವರ್ಷ ಸವಾ ಕೋಟಿ.

ಇಷ್ಟನ್ನು ಕೇಳೋಕೆ ಪೈಲ್ವಾನರ ಮನೆಯವರು ವಿಧಾನಸೌಧದ ಮುಂದೆ ಬಂದು ಕೂರಲ್ಲ, ಅವರಿಗೆ ಅವತ್ತಿನ ಕೂಲಿ ಹೋಗುತ್ತೆ. ಕ್ಯಾಂಪಸ್‌ಗಳಲ್ಲಿ ಶುಲ್ಕ, ಹಾಸ್ಟೆಲ್, ಸ್ಕಾಲರ್‌ಶಿಪ್ ಬಾಕಿ ಅಂತ ಹೋರಾಡೋ ನೀವು ನಿಮ್ಮ ಬೇಡಿಕೆ ಪಟ್ಟಿಗೆ ಈ ಎರಡು ಸಾಲು ಸೇರಿಸಬಹುದು. ಮುಂದಿನ ಜೂನ್‌ನಲ್ಲಿ ಗರಡಿಯಿಂದ ಬಂದ ಯಾವುದಾದ್ರೂ ಹುಡುಗಿ ಪಿಯುಸಿ ಅರ್ಜಿ ತುಂಬೋಕೆ ನಿಮ್ಮ ನೆರವು ಕೇಳಿದ್ರೆ, ಗಣಿತ ಇರೋ ಕಾಂಬಿನೇಷನ್ ಯಾವುದು ಅಂತ ಮೊದಲು ತೋರಿಸಿ.